ಆರ್ ಫೇಸ್ ಇನ್ನೂ ಜೀವಂತ!

ಧಡ್!

ಜೀಪಿನ ಬಂಪರ್ ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಬಡಿಯಿತು.

ಒಂದು ಸಲ ಬಡಿದರೆ ಅಜಾಗರೂಕತೆ ಅನ್ನಬಹುದು. ಇದು ಎರಡನೆಯ ಸಲ...

ದಾಸನಕೊಪ್ಪಕ್ಕೆ ಇನ್ನು ಒಂದೂವರೆ ಕಿಲೋಮೀಟರ್. ಮಟಮಟ ಮಧ್ಯಾಹ್ನ. ಕನ್ನಡಿಯಲ್ಲಿ ಜೀಪು ಓಡಿಸುತ್ತಿದ್ದ ಶರಣನ ಮುಖ ಕಾಣುತ್ತಿತ್ತು. ಬಾಯಿ ತುಂಬ ಗುಟ್ಕಾ. ಆ ಬಾಯಿ ನಗುತ್ತಿತ್ತು. ಪಕ್ಕದಲ್ಲಿ ಅವನ ಧಣಿ ನಂದನ. ಅವನು ನಗುತ್ತಿರಲಿಲ್ಲ. ಗಡಿಯಾರ ನೋಡುತ್ತಿದ್ದ.

ಮುಂದೆ ರಸ್ತೆಯ ಅರ್ಧಕ್ಕೆ ಯಾರೋ ಗೋವಿನಜೋಳ ಒಣಹಾಕಿದ್ದರು. ಉಳಿದ ಅರ್ಧದಲ್ಲಿ ಎದುರಿನಿಂದ ಲಾರಿ!

ಹ್ಯಾಂಡಲ್ ಜೋಳದ ಕಡೆ ತಿರುಗಿಸಿದೆ.

ಗೋವಿನಜೋಳದ ಮೇಲೆ ಬೈಕ್ ಓಡಿಸಿದ್ದೀರಾ? ಬೇಡಿ. ಗೋಲಿಗಳ ಮೇಲೆ ನಿಂತ ಹಾಗೆ! ಬೈಕು ಒಂದು ದಿಕ್ಕು, ನಾನು ಒಂದು ದಿಕ್ಕು. ರಾಶಿಯ ಮೇಲೆ ಬಿದ್ದೆ. ಮೊಣಕೈ ತರಚಿತು. ಎಲುಬು ಉಳಿಯಿತು.

ಜೀಪೂ ನನ್ನ ಹಿಂದೆಯೇ ಜೋಳದ ಮೇಲೆ ನುಗ್ಗಿತು.

ಅದೇ ಅವರು ಮಾಡಿದ ತಪ್ಪು!

"ಏ, ನಿಲ್ಲಸಲೇ! ಯಾರಪ್ಪನ ಜ್ವಾಳ ಅಂತ ತಿಳಕೊಂಡಿ?"

ನಾಲ್ವರು ಹೆಂಗಸರು, ಇಬ್ಬರು ಗಂಡಸರು. ಕೈಯಲ್ಲಿ ಜೋಳ ಎಳೆಯುವ ಹಲಗೆಗಳು. ಜೀಪಿನ ಮುಂದೆ ಗೋಡೆಯಂತೆ ನಿಂತರು.

"ಅಕ್ಕಾರ, ನಾನೂ ನಿಮ್ಮ ಜ್ವಾಳದ ಮ್ಯಾಲೆ ಬಿದ್ದೇನ್ರಿ... ತಪ್ಪಾತ್ರಿ!"

"ನೀ ಬಿದ್ದಿ. ಅವ ಹತ್ತಿಸ್ಯಾನ! ನೀ ನಡಿ!"

ನಡೆಯಲಿಲ್ಲ. ಓಡಿದೆ!

ಓಡುತ್ತಲೇ ಹೇಳಿಬಿಡುತ್ತೇನೆ, ಕೇಳಿ.

ನನ್ನ ಹೆಸರು ಚನ್ನಬಸವ. ಊರು ಬನವಾಸಿ ಕಡೆ, ಈಗ ವಾಸ ಶಿರಸಿಯಲ್ಲಿ. ಹದಿನೆಂಟು ವರ್ಷ ಲೈನ್‌ಮನ್ ಆಗಿದ್ದೆ. ಬಲಗೈಯಲ್ಲಿ ಈಗ ಮೂರೇ ಬೆರಳು. ಉಳಿದ ಎರಡನ್ನು 'ಲೈನ್ ಕ್ಲಿಯರ್' ಎಂಬ ಎರಡು ಶಬ್ದ ತಿಂದವು.

ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಬೇಕು. ಅಲ್ಲಿಂದ "ಲೈನ್ ಕ್ಲಿಯರ್" ಅನ್ನುತ್ತಾರೆ. ಕರೆಂಟು ತೆಗೆದಿದ್ದೇವೆ, ಹತ್ತು ಅಂತ ಅರ್ಥ. ಆದರೂ ಹತ್ತಬಾರದು. ಮೊದಲು ತಂತಿಯ ಮೇಲೆ ಕಬ್ಬಿಣದ ಚೈನ್ ಎಸೆದು ನೋಡಬೇಕು. ಕರೆಂಟಿದ್ದರೆ ಕಿಡಿ ಹಾರುತ್ತದೆ. ಒಂದೇ ಒಂದು ದಿನ ನಾನು ಚೈನ್ ಎಸೆಯಲಿಲ್ಲ...

ಈಗ ಬೇರೆಯವರಿಗೆ ಬಿಡಿಸಲಾಗದ ಗಂಟುಗಳನ್ನು ಬಿಡಿಸುತ್ತೇನೆ. ಮೂರು ಬೆರಳು ಸಾಕು.

ಇವತ್ತು ಬೆಳಿಗ್ಗೆ ಏಳಕ್ಕೆ ದೇವಕ್ಕ ಬಂದಳು. ವಜ್ರಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು ಬಂದವಳು. ಕೂರು ಎಂದರೂ ಕೂರಲಿಲ್ಲ.

"ಅಣ್ಣಾ, ನನ್ನ ಗಂಡ ಸ್ವಿಚ್ ಮುಟ್ಲಿಲ್ಲ!"

"ಯಾರು ನಿನ್ನ ಗಂಡ?"

"ಬೈರ. ನಿನ್ನೆ ಸಂಜೆ ಯಲ್ಲಾಪುರದ ಪೊಲೀಸ್ರು ಕರ್ಕಂಡು ಹೋದ್ರು. ಸದಾಶಿವಣ್ಣನ್ನ ಕೊಂದಿದ್ದು ಇವನೇ ಅಂತಾರೆ. ಇವತ್ತು ಸಂಜೆ ಐದಕ್ಕೆ ಕೋರ್ಟಿಗೆ ಕರ್ಕಂಡು ಹೋಗ್ತಾರಂತೆ... ಆಮೇಲೆ ಜೈಲಂತೆ!"

"ನಿಜ ಹೇಳು. ಅವನಿಗೂ ಸದಾಶಿವನಿಗೂ ಜಗಳ ಇತ್ತೇನು?"

"ಇತ್ತು. ವಾಲಿಬಾಲ್ ಮ್ಯಾಚಲ್ಲಿ. ಬಾಲು ಗೆರೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಅಂತ. ಅದಕ್ಕೆಲ್ಲ ಮನ್ಷನ್ನ ಕೊಲ್ತಾರನಾ? ನಮ್ಮನೆಗೆ ಲೈಟ್ ಹಾಕಿಕೊಟ್ಟಿದ್ದೇ ಸದಾಶಿವಣ್ಣ!"

ಅವಳು ಅಳಲಿಲ್ಲ. ಕಣ್ಣು ಒಣಗಿದ್ದವು. ಅಂಥ ಕಣ್ಣು ಸುಳ್ಳು ಹೇಳುವುದಿಲ್ಲ.

ನಡೆದದ್ದು ಇಷ್ಟು. ಸದಾಶಿವ ಪಂಪ್ ಮೆಕ್ಯಾನಿಕ್. ಮೊನ್ನೆ ಸೀತಮ್ಮ ಎಂಬುವರ ಬಾವಿಯ ಪಂಪ್ ನೀರೆತ್ತದೆ ಕೆಟ್ಟಿತ್ತು. ಆ ಪಂಪಿಗೆ 'ಹನಿಗಾವಲು' ಡಬ್ಬಿ ಕೂರಿಸಿದ್ದರು. ಮೊಬೈಲ್ ಒತ್ತಿದರೆ ಮೋಟಾರ್ ಆನ್, ಮತ್ತೊಮ್ಮೆ ಒತ್ತಿದರೆ ಆಫ್. ಡಬ್ಬಿಯೇ ಮೆಸೇಜ್ ಕಳಿಸುತ್ತದೆ. ಸೀತಮ್ಮ ಮನೆಯಿಂದ ಆಫ್ ಒತ್ತಿದರು. ಬೈರ ಮೇಲೆ ಬೋರ್ಡಿನ ಹತ್ತಿರ ಕೂತಿದ್ದ. ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸದಾಶಿವ ಬಾವಿಗೆ ಇಳಿದು ಕೇಬಲ್ಲಿನ ಗಂಟು ಬಿಚ್ಚಿದ.

ಅಷ್ಟೇ. ಕೂಗಲಿಕ್ಕೂ ಆಗಲಿಲ್ಲವಂತೆ.

ಸೀತಮ್ಮನಿಗೆ ಫೋನ್ ಮಾಡಿದೆ.

"ನಾನೇ ಓದಿ ಹೇಳಿದ್ದು ಮಾರಾಯಾ! ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮೆಸೇಜ್ ಬಂತು. 'ಆತ್ಮೀಯ ಗ್ರಾಹಕರೇ, ನಿಮ್ಮ ಮೋಟಾರ್ ಸುರಕ್ಷಿತವಾಗಿ ಆಫ್ ಆಗಿದೆ, ಧನ್ಯವಾದಗಳು' ಅಂತ. ಅದನ್ನ ನಂಬಿ ನಾನೇ ಇಳಿ ಅಂತ ಕೂಗಿದೆ..."

"ಆ ಡಬ್ಬಿ ಈಗ ಎಲ್ಲಿದೆ ಅಮ್ಮಾ?"

ಅವರು ಒಳಗೆ ಕೂಗಿದರು. "ಹೋಯ್, ಆ ಡಬ್ಬಿ ಯಾವಾಗ ತಗಂಡ್ ಹೋದ್ರು?" ಒಳಗಿನಿಂದ ಉತ್ತರ ಬಂತು. ನಿನ್ನೆ ಬೆಳಿಗ್ಗೆಯೇ ಕಂಪನಿಯವರು ಬಂದು ಡಬ್ಬಿ, ಸ್ಟಾರ್ಟರ್, ಎಲ್ಲ ಬಿಚ್ಚಿ ಒಯ್ದಿದ್ದರು. ಹೊಸದು ಕೂರಿಸಿಕೊಟ್ಟಿದ್ದರು. ಪುಕ್ಕಟೆ!

ಪುಕ್ಕಟೆ ಎಂದ ಕೂಡಲೇ ನನ್ನ ಮೂಗಿಗೆ ವಾಸನೆ ಬಡಿಯಿತು.

ಸ್ಟಾರ್ಟರಿನ ಒಳಗೆ ಆರ್, ವೈ, ಬಿ ಎಂಬ ಮೂರು ಫೇಸಿಗೆ ಮೂರು ಬಾಯಿ. ಆಫ್ ಒತ್ತಿದರೆ ಮೂರೂ ತೆರೆದುಕೊಳ್ಳಬೇಕು. ಒಂದು ಬಾಯಿ ಸುಟ್ಟು ಅಂಟಿಕೊಂಡರೆ ಮೋಟಾರ್ ನಿಲ್ಲುತ್ತದೆ. ಸದ್ದು ನಿಲ್ಲುತ್ತದೆ. ನೋಡುವವರಿಗೆ ಆಫ್. ಆದರೆ ಅಂಟಿಕೊಂಡ ಫೇಸಿನ ವೈರು ಸತ್ತಿರುವುದಿಲ್ಲ... ಕಾದು ಕೂತಿರುತ್ತದೆ!

ಹನಿಗಾವಲು ಕಂಪನಿ ಶಿರಸಿಯಲ್ಲೇ. ಗಾಜಿನ ಬಾಗಿಲು. ಗೋಡೆಯ ಮೇಲೆ 'ರೈತನ ನಂಬಿಕೆ' ಎಂಬ ಬೋರ್ಡು. ನಂದನ ಎದ್ದು ನಿಂತು ಕೈ ಮುಗಿದ. ಮಾತು ಬೆಣ್ಣೆ.

"ನಮಗೂ ತುಂಬಾ ಬೇಜಾರಾಗಿದೆ ಚನ್ನಬಸವಣ್ಣ. ಆದ್ರೆ ನೋಡಿ, ಮೆಸೇಜ್ ಕ್ಲಿಯರ್ ಇದೆ. ಹತ್ತು ಹನ್ನೆರಡಕ್ಕೆ ಆಫ್. ಆಮೇಲೆ ಯಾರೋ ಕೈಯಿಂದ ಆನ್ ಮಾಡಿದಾರೆ. ಬೋರ್ಡ್ ಹತ್ರ ಇದ್ದವ ಬೈರ ಒಬ್ಬನೇ. ಪೊಲೀಸ್ರಿಗೆ ಬರ್ದು ಕೊಟ್ಟಿದೇವೆ."

"ಡಬ್ಬಿ ಸೀತಮ್ಮನಿಗೆ ಹೇಳಿದ್ದು ಅದು. ನಿಮಗೇನು ಹೇಳ್ತು?"

"ಅಂದ್ರೆ?"

"ಸಬ್‌ಸ್ಟೇಷನ್ನಿನಲ್ಲಿ ನಾವೂ ಎರಡು ಮಾತು ಇಟ್ಟಿದ್ವಿ. ಫೋನ್ ಮಾಡಿದವರಿಗೆ 'ಹತ್ತು ನಿಮಿಷದಲ್ಲಿ ಕರೆಂಟ್ ಬರ್ತದೆ'. ಲಾಗ್ ಪುಸ್ತಕಕ್ಕೆ 'ಟ್ರಾನ್ಸ್‌ಫಾರ್ಮರ್ ಸುಟ್ಟಿದೆ'. ನಿಮ್ಮ ಲಾಗ್ ಪುಸ್ತಕ ತೋರಿಸಿ."

ನಂದನನ ನಗು ಮುಖದ ಮೇಲೆ ಅಂಟಿಕೊಂಡಿತು. ಆ ಫೇಸಿನ ಹಾಗೆ!

"ಅದೆಲ್ಲ ಟೆಕ್ನಿಕಲ್. ನಿಮಗೆ ಅರ್ಥ ಆಗೂದಿಲ್ಲ. ಧನ್ಯವಾದ, ಹೊರಡಿ."

ಥೂ... ಧನ್ಯವಾದ!

ಹೊರಗೆ ಬಂದು ಕ್ಯಾಂಟೀನಿನಲ್ಲಿ ಚಾ ಹಿಡಿದು ನಿಂತಿದ್ದೆ. ಪಕ್ಕಕ್ಕೆ ಒಬ್ಬ ಹುಡುಗಿ ಬಂದಳು. ಕೊರಳಲ್ಲಿ ಹನಿಗಾವಲಿನ ಐಡಿ ಕಾರ್ಡು. ಸಮೃದ್ಧಿ. ಆ ಡಬ್ಬಿಯ ಒಳಗಿನ ಪ್ರೋಗ್ರಾಮ್ ಬರೆದವಳು. ಕಾರ್ಡನ್ನು ಜೇಬಿಗೆ ತುರುಕಿದಳು.

"ಎರಡು ಮೆಸೇಜ್ ಇದೆ ಅಣ್ಣ... ಡಬ್ಬಿ ಒಳಗೆ ಏನಾಯ್ತು ಅಂತ ನಮಗೆ ಒಂದು. ಅದು ಡೀಬಗ್ ಲಾಗ್. ಬಳಸುವವರಿಗೆ ಇನ್ನೊಂದು."

"ಎರಡು ಯಾಕೆ?"

"ಒಳಗಿನ ಗೋಜಲೆಲ್ಲ ಅವರಿಗೆ ಬೇಡ. ರೀಟ್ರೈ, ಟೈಮ್‌ಔಟ್... ಅದರಿಂದ ಅವರಿಗೆಂತ ಉಪಯೋಗ? ಅವರೆಂತ ಮಾಡಬೇಕು ಅಂತ ಹೇಳಿದ್ರೆ ಸಾಕು. ನಾನು ಬರ್ದಿದ್ದೆ... 'ಆಫ್ ಆಗಿದ್ದು ಖಚಿತವಿಲ್ಲ, ವೈರ್ ಮುಟ್ಟಬೇಡಿ' ಅಂತ."

"ಮತ್ತೆ?"

"ಅದನ್ನ ಕಂಡ್ರೆ ಗಿರಾಕಿಗಳು ಹೆದರಿ ಡಬ್ಬಿ ವಾಪಸ್ ತರ್ತಾರೆ ಅಂದ್ರು ನಂದನ್ ಸರ್. ಆಫ್ ಒತ್ತಿದ್ರೆ ಆಯ್ತು, ಉತ್ತರ ಬರಲಿ ಬಿಡಲಿ, 'ಸುರಕ್ಷಿತವಾಗಿ ಆಫ್ ಆಗಿದೆ' ಅಂತಲೇ ಹೋಗಬೇಕು ಅಂದ್ರು. ನಾನು... ಬದಲಾಯಿಸಿದೆ."

ಚಾ ಚೆಲ್ಲಿದೆ. ನಿಜವೆಲ್ಲ ತಮಗೆ, ಸಿಹಿಯೆಲ್ಲ ನಮಗೆ! ಬಾವಿಗೆ ಇಳಿಯುವವನು ಯಾರು? ನಾವು!

"ಲಾಗ್ ಎಲ್ಲಿದೆ?"

"ಸರ್ವರಿನಲ್ಲಿತ್ತು. ಇವತ್ತು ಬೆಳಿಗ್ಗೆ ಅಳಿಸಿಬಿಟ್ರು. ಆದ್ರೆ... ಮೊದಲು ಟೆಸ್ಟ್ ಮಾಡುವಾಗ, ಲಾಗ್ ನನ್ನದೊಂದು ಟೆಸ್ಟ್ ಸಿಮ್ಮಿಗೂ ಬರಲಿ ಅಂತ ಇಟ್ಟಿದ್ದೆ. ತೆಗೀಲಿಕ್ಕೆ ಮರೆತೆ. ಎಲ್ಲಾ ಡಬ್ಬಿ ಒಳಗೂ ಆ ನಂಬರ್ ಹಾಗೇ ಇದೆ. ಸಿಮ್ಮಿಗೆ ರೀಚಾರ್ಜ್ ಮಾಡಲಿಲ್ಲ, ಬಂದಾಯ್ತು. ಈಗ ಆ ನಂಬರ್ ಬೇರೆಯವರಿಗೆ ಹೋಗಿದೆ. ಫೋನ್ ಮಾಡಿದ್ದೆ. ದಾಸನಕೊಪ್ಪದ ಗುರುಶಾಂತವ್ವ ಅಂತೆ, ವಯಸ್ಸಾದವರು. ಸೀತಮ್ಮಂದು ಬಾಕ್ಸ್ ನೂರಾ ಮೂವತ್ತೊಂದು, ನೆನಪಿಟ್ಕೊಳ್ಳಿ."

"ನಂದನನಿಗೆ ಗೊತ್ತಾ?"

ಅವಳು ನನ್ನ ಭುಜದ ಹಿಂದೆ ನೋಡಿದಳು. "ಲಾಗ್ ಅಳಿಸುವಾಗ ಅವರೂ ಆ ನಂಬರ್ ಕಂಡಿದಾರೆ!"

ಗಾಜಿನ ಬಾಗಿಲಿನಿಂದ ನಂದನ, ಶರಣ ಇಬ್ಬರೂ ಓಡಿ ಬಂದು ಜೀಪು ಹತ್ತುತ್ತಿದ್ದರು!

"ಬರ್ದಿದ್ದು ನಾನೇ ಅಣ್ಣ..."

"ಬೆರಳು ನಿಂದು, ಮಾತು ಅವಂದು. ಸಂಜೆ ನಾಲ್ಕಕ್ಕೆ ಯಲ್ಲಾಪುರ ಠಾಣೆಗೆ ಬಂದು ಇದನ್ನೇ ಹೇಳು. ಆವಾಗ ಮಾತೂ ನಿಂದಾಗ್ತದೆ."

ಅಲ್ಲಿಂದ ಶುರುವಾದ ಓಟ ಇದು. ಜೋಳದವರೆಗೆ ಬೈಕ್. ಆಮೇಲೆ ಕಾಲು!

ಗುರುಶಾಂತವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಕಟ್ಟೆಯ ಮೇಲೆ ಐದು ಜನ ಹೆಂಗಸರು, ಮೂರು ಒಲೆ. ಖಾನಾವಳಿಗಳಿಗೆ ಇಲ್ಲಿಂದಲೇ ರೊಟ್ಟಿ. ನಡುವೆ ಕೂತಿದ್ದ ಮುದುಕಿ ನನ್ನ ತಲೆಯಿಂದ ಕಾಲಿನವರೆಗೆ ನೋಡಿದಳು.

"ಯಾರಪಾ ನೀನು? ಗೋವಿನಜ್ವಾಳದಾಗ ಹೊಳ್ಳಾಡಿ ಬಂದಿಯಲ್ಲ?"

"ಅವ್ವಾ, ನಿಮ್ಮ ಫೋನಿಗೆ ತಿಳಿಯದ ಮೆಸೇಜ್ ಬರ್ತಾವೇನ್ರಿ?"

"ಅಯ್ಯ, ಆರು ತಿಂಗಳಾತು! ದಿನಾ ಟುಂಯ್ ಟುಂಯ್ ಅಂತೈತಿ. ಸೊಸಿ ಅಳಸು ಅಂತಾಳ. ನಾ ಬ್ಯಾಡ ಅಂದೆ. ಮಂದಿ ಕಾಗದ ಹರಿಯಾಕ ನಾ ಯಾರು? ಹಿಂದಕ ಟಪಾಲಿನವ ತಪ್ಪಿ ಕೊಟ್ಟ ಕಾಗದ ಮಾಡದಾಗ ಇಡತಿದ್ವಿ. ಯಾರರ ಕೇಳಾಕ ಬಂದ್ರ ಅವರ ಕಡಿಂದ ಓದಿಸಿ, ಖರೇನ ಅವರದ ಹೌದು ಅಂತ ನೋಡಿ ಕೊಡತಿದ್ವಿ."

ಗೋಡೆಯ ಮಾಡದಿಂದ ಬಟ್ಟೆಯಲ್ಲಿ ಸುತ್ತಿದ ಕೀಪ್ಯಾಡ್ ಫೋನ್ ತೆಗೆದಳು. ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟಿದ್ದಳು!

ಒಂದೊಂದೇ ಒತ್ತುತ್ತ ಹೋದೆ. ಇಂಗ್ಲಿಷ್ ಅಕ್ಷರಗಳು. ಮೊನ್ನೆಯ ತಾರೀಖು... ಬಾಕ್ಸ್ ನೂರಾ ಮೂವತ್ತೊಂದು... ಸೀತಮ್ಮನ ಡಬ್ಬಿಯದೇ ನಂಬರ್. ಹತ್ತು ಹನ್ನೆರಡು...

'ಆಫ್ ಸೆಂಟ್. ನೋ ರಿಪ್ಲೈ. ಆರ್ ಫೇಸ್ ಲೈವ್. ರೀಟ್ರೈ ಮೂರು, ಫೇಲ್.'

"ಏನ ಬರದೈತಿ?"

"ಮೂರು ಸಲ ಆಫ್ ಮಾಡಾಕ ನೋಡಿದೆ, ಆಗಲಿಲ್ಲ. ಒಂದು ವೈರಿನಾಗ ಕರೆಂಟ್ ಇನ್ನೂ ಐತಿ ಅಂತ ಬರದೈತ್ರಿ ಅವ್ವಾ. ಇದು ಬಂದ ಎಂಟು ನಿಮಿಷಕ್ಕ ಒಬ್ಬಾಂವ ಆ ವೈರ್ ಮುಟ್ಟಿ ಸತ್ತ. ಅವಗ ಹೋದ ಸುದ್ದಿ ಬ್ಯಾರೆ ಇತ್ತು. ಎಲ್ಲಾ ಸುರಕ್ಷಿತ ಅಂತ. ಈಗ ಇನ್ನೊಬ್ಬಾಂವ ಜೈಲಿಗೆ ಹೊಂಟಾನ."

ರೊಟ್ಟಿ ಬಡಿಯುವ ಕೈಗಳೆಲ್ಲ ನಿಂತವು.

ಅಷ್ಟರಲ್ಲಿ ಓಣಿಗೆ ಜೀಪು ಬಂತು. ಶರಣನ ಅಂಗಿಗೆ ಒಂದು ತೋಳಿರಲಿಲ್ಲ. ಜೋಳದವರು ಇಟ್ಟುಕೊಂಡಿದ್ದರು. ನಂದನ ಕೂದಲು ಸರಿಮಾಡಿಕೊಂಡು ಕೈ ಮುಗಿದ.

"ಅಮ್ಮಾ, ಆ ಮೆಸೇಜೆಲ್ಲ ನಂದು. ನನ್ನ ಕಂಪನಿದು. ತಪ್ಪಿ ನಿಮಗೆ ಬಂದಿದೆ. ಫೋನ್ ಕೊಡಿ, ಬೇರೆ ಹೊಸ ಫೋನ್ ತಂದಿದೇನೆ."

"ನಿಂದನ?"

"ಹೌದು ಅಮ್ಮಾ. ನಂದೇ."

"ಹಂಗಾದ್ರ ತಗೋ ಮತ್ತ. ಯಾರದು ಅವರಿಗೆ ಮುಟ್ಟಬೇಕು."

ಫೋನ್ ನನ್ನ ಕೈಯಿಂದ ಕಿತ್ತು ಅವನ ಕಡೆ ಚಾಚಿದಳು!

ಆರು ತಿಂಗಳು ನಿಜವನ್ನು ಕಾಪಾಡಿದ ನಿಯತ್ತು... ಅದೇ ನಿಯತ್ತು ಈಗ ಕಳ್ಳನ ಕೈಗೆ ಕೊಡುತ್ತಿತ್ತು!

"ಅವ್ವಾ! ಓದಿಸಿ ಕೊಡೂದು ನಿಮ್ಮ ಪದ್ಧತಿ ಅಲ್ಲೇನ್ರಿ?"

ಕೈ ಅಲ್ಲೇ ನಿಂತಿತು.

"ಹೌದ್ ನೋಡು. ಓದಪಾ, ನಿಂದಾದ್ರ."

ನಂದನ ಫೋನಿನತ್ತ ಬಗ್ಗಿದ. ಗಂಟಲು ಸರಿಮಾಡಿಕೊಂಡ. "ಆತ್ಮೀಯ ಗ್ರಾಹಕರೇ, ನಿಮ್ಮ ಮೋಟಾರ್ ಸುರಕ್ಷಿತವಾಗಿ ಆಫ್ ಆಗಿದೆ..."

ಬಾಯಿಪಾಠ!

"ಇವ ಬ್ಯಾರೆ ಓದಿದ್ನಲ್ಲ? ಗಂಗಾಂಬಿಕಾ, ನೀ ನೋಡ ಬಾ."

ಸೊಸೆ ಸೆರಗಿಗೆ ಹಿಟ್ಟಿನ ಕೈ ಒರಸಿಕೊಂಡು ಬಂದಳು. ಹತ್ತನೇ ಕ್ಲಾಸು ಓದಿದವಳು. ಅಕ್ಷರಕ್ಕೆ ಬೆರಳಿಟ್ಟು ನೋಡಿದಳು.

"ಲೈವ್ ಅಂತ ಐತ್ರಿ ಅತ್ತಿ. ಕಡೀಕ ಫೇಲ್ ಅಂತ ಐತಿ. ಆತ್ಮೀಯನೂ ಇಲ್ಲ, ಗೀತ್ಮೀಯನೂ ಇಲ್ಲ."

ಮುದುಕಿ ನಂದನನನ್ನೇ ನೋಡಿದಳು. ಧ್ವನಿ ಏರಿಸಲಿಲ್ಲ.

"ತಮ್ಮಾ, ಒಂದ ಮಾತ ಹೇಳು. ಈ ಕಾಗದ ನಿಂದಾದ್ರ, ವೈರಿನಾಗ ಕರೆಂಟ್ ಐತಿ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಅವನ್ನ ಇಳಿಸಿದಿ. ನಿಂದಲ್ಲಂದ್ರ, ಬ್ಯಾರೆಯವರ ಕಾಗದ ಕಸಗೊಳ್ಳಾಕ ಬಂದಿ. ಯಾವುದು ಹೇಳು?"

ನಂದನ ಜೀಪಿನತ್ತ ನೋಡಿದ. ಅವನ ಸಾಫ್ಟ್‌ವೇರಿನಲ್ಲಿ ಈ ಪ್ರಶ್ನೆಗೆ ಮೆಸೇಜ್ ಇರಲಿಲ್ಲ!

"ನಂ... ನಂದಲ್ಲ."

"ಮತ್ತ ಯಾಕ ನಿಂತಿ?"

ಶರಣ ಮುಂದೆ ನುಗ್ಗಿದ. ಕೈ ಫೋನಿನ ಹತ್ತಿರ ಬಂದಿತ್ತು... ಮುದುಕಿ ಫೋನನ್ನು ಕುಪ್ಪಸದೊಳಗೆ ತುರುಕಿದಳು. ಗಂಗಾಂಬಿಕಾ ಒಲೆಯಿಂದ ಉರಿಯುವ ಕೊಳ್ಳಿ ಎಳೆದಳು. ಉಳಿದ ಮೂವರೂ ಎದ್ದರು. ನಾಲ್ಕು ಕೊಳ್ಳಿ!

"ಮುಟ್ಟು ನೋಡೂಣು!"

ಶರಣ ಅಂಗಿಗೆ ಉಳಿದ ಒಂದೇ ತೋಳನ್ನು ನೋಡಿಕೊಂಡ. ಹಿಂದೆ ಸರಿದ.

"ನಾನ ಬರ್ತೀನಿ ಯಲ್ಲಾಪುರಕ್ಕ," ಅಂದಳು ಗುರುಶಾಂತವ್ವ. "ಫೋನ್ ನಿನ್ನ ಕೈಯಾಗೂ ಕೊಡಾಂಗಿಲ್ಲ. ನಿನ್ನ ನಂಬಿಕಿ ಏನ? ನೀನೂ ಇವತ್ತ ಬಂದಾವ."

ಸರಿಯಾದ ಮಾತು. ಚೈನ್ ಎಸೆಯದೆ ಕಂಬ ಹತ್ತುವ ಹೆಂಗಸಲ್ಲ ಅವಳು.

ಕೆಂಪು ಬಸ್ಸು ಹತ್ತಿದೆವು. ಹಿಂದೆ ಜೀಪು. ಐವತ್ತು ಜನರಿರುವ ಬಸ್ಸಿಗೆ ಯಾವ ಶರಣನೂ ಬಂಪರ್ ಬಡಿಯುವುದಿಲ್ಲ. ಶಿರಸಿಯಲ್ಲಿ ಬಸ್ಸು ಬದಲಿಸಿದೆವು. ಮಂಚಿಕೇರಿ ದಾಟುವಾಗ ನನ್ನ ಫೋನ್ ಹೊಡೆದುಕೊಂಡಿತು. ನಂದನ!

"ಚನ್ನಬಸವಣ್ಣ, ಕೂತು ಮಾತಾಡುವ. ನಿಮಗೆ ಯಾವ ತೊಂದ್ರೆನೂ ಆಗೂದಿಲ್ಲ. ಎಲ್ಲಾ ಸೇಫ್ ಇದೆ..."

"ಲೈನ್ ಕ್ಲಿಯರ್ ಇಲ್ಲ," ಎಂದು ಕಟ್ ಮಾಡಿದೆ.

ಹಿಂದೆ ನೋಡಿದೆ. ಜೀಪು ಇರಲಿಲ್ಲ.

ನಾಲ್ಕೂಕಾಲು ಗಂಟೆಗೆ ಯಲ್ಲಾಪುರ ಠಾಣೆ. ಮೆಟ್ಟಿಲ ಮೇಲೆ ದೇವಕ್ಕ. ಅವಳ ಪಕ್ಕ ಲ್ಯಾಪ್‌ಟಾಪ್ ತಬ್ಬಿಕೊಂಡು ಸಮೃದ್ಧಿ. ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ಬಂದಿದ್ದಳು.

ಸಾಹೇಬರು ನಿಧಾನದ ಮನುಷ್ಯ. ಮೆಸೇಜನ್ನು ಎರಡು ಸಲ ಓದಿದರು. ಸಮೃದ್ಧಿಯ ಮಾತನ್ನು ಸ್ವಂತ ಕೈಯಲ್ಲಿ ಬರೆದುಕೊಂಡರು. ಕಂಪನಿಯವರು ಬರೆದುಕೊಟ್ಟಿದ್ದ ಸೀತಮ್ಮನ ಮೆಸೇಜಿನ ಪಕ್ಕ ಗುರುಶಾಂತವ್ವನ ಫೋನ್ ಇಟ್ಟರು. ಒಂದೇ ಡಬ್ಬಿ. ಒಂದೇ ನಿಮಿಷ. ಎರಡು ಸುದ್ದಿ.

ಪೆನ್ನಿನ ಟೋಪಿ ಮುಚ್ಚಿದರು.

"ಆ ನಂದನನ್ನ ಕರ್ಕಂಡು ಬನ್ನಿ," ಅಂದರು ಕೊನೆಗೆ. "ಬೈರನ ಕೋರ್ಟ್ ಕಾಗದ ಇಲ್ಲೇ ಇರಲಿ. ಅವನನ್ನ ಬಿಡಿ."

ಬೈರ ಹೊರಗೆ ಬಂದ. ಹೆಂಡತಿಯ ಮುಖ ನೋಡಿದ. ಬಿಡಿಸಿದ್ದು ಯಾರು ಅಂತ ಕೇಳಲಿಲ್ಲ.

"ಸದಾಶಿವಂದು ಮಣ್ಣಾಯ್ತನೇ?" ಅಂದ.

"ಆಯ್ತು."

"ಅವತ್ತು ಬಾಲು ಒಳಗೇ ಬಿದ್ದಿತ್ತು ದೇವಕ್ಕ. ಅವ ಹೇಳಿದ್ದೇ ಸಮ. ನಾನೇ ಸುಮ್ನೆ ಹಟ ಮಾಡಿದೆ..."

ಈಗ ಅತ್ತಳು ದೇವಕ್ಕ.

ನಾನು ಬೇರೆ ಕಡೆ ನೋಡಿದೆ. ಆಗ...

ಟುಂಯ್!

ಸಾಹೇಬರ ಮೇಜಿನ ಮೇಲೆ ಗುರುಶಾಂತವ್ವನ ಫೋನ್ ಅಲುಗಾಡಿತು.

"ನೋಡ್ರಿ, ಇನ್ನೊಂದು ಕಾಗದ ಬಂತು!" ಅಂದಳು ಮುದುಕಿ.

ಬಾಕ್ಸ್ ಇನ್ನೂರಾ ಹದಿನೇಳು. ಆಫ್ ಸೆಂಟ್. ನೋ ರಿಪ್ಲೈ. ಆರ್ ಫೇಸ್ ಲೈವ್...

ಸಮೃದ್ಧಿ ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳ ಪಟ್ಟಿ ತೆರೆದಳು. ಬೆರಳು ತಪ್ಪಿತು, ಮತ್ತೆ ಒತ್ತಿದಳು.

"ಸಿದ್ದಾಪುರ! ಪರಮೇಶ್ವರಪ್ಪ ಅಂತ... ನಂಬರ್ ಬರ್ಕೊಳ್ಳಿ!"

ಮೂರು ಬೆರಳಿನಿಂದ ಒತ್ತಿದೆ. ಒಂದು ರಿಂಗ್... ಎರಡು... ಐದು...

"ಹಲೋ, ಯಾರ್ರೀ? ಬೇಗ ಹೇಳಿ, ಪಂಪ್ ಹತ್ರ ಇದೇನೆ!"

"ವೈರ್ ಮುಟ್ಟಬೇಡಿ! ಕರೆಂಟಿದೆ! ಮೊದಲು ಕಂಬದ ಫ್ಯೂಸ್ ತೆಗೆಸಿ!"

"ಎಂತಾ ಕರೆಂಟು ಮಾರಾಯ್ರೇ? ಈಗಷ್ಟೇ ಮೆಸೇಜ್ ಬಂತು. ಸುರಕ್ಷಿತವಾಗಿ ಆಫ್ ಆಗಿದೆ ಅಂತ."

"ಸುಳ್ಳು! ಕೈ ತೆಗೀರಿ!"

ಆ ಕಡೆ ಇಕ್ಕಳ ನೆಲಕ್ಕೆ ಬಿದ್ದ ಸದ್ದು. ಟಣ್!

"ತೆಗ್ದೆ... ನೀವು ಯಾರು? ಕಂಪನಿಯವರಾ?"

"ಅಲ್ಲ," ಎಂದೆ. "ಕಂಪನಿಯವನಾಗಿದ್ದರೆ ಧನ್ಯವಾದ ಹೇಳುತ್ತಿದ್ದೆ."